ತಾಳ್ಮೆಯೂ ಸುಧಾರಣೆಯೂ: ಈವ್ ಕೊಂಗಾರ್ ಅವರ ಬದುಕು ಮತ್ತು ಚಿಂತನೆ



ಇಪ್ಪತ್ತನೆಯ ಶತಮಾನದ ಧಾರ್ಮಿಕ ಚಿಂತಕರಲ್ಲಿ ಒಬ್ಬರನ್ನು ಕುರಿತು ಮಾತನಾಡಬೇಕೆಂದು ಈ ದತ್ತಿ ಉಪನ್ಯಾಸದ ಸಮಿತಿಯವರು ಕೇಳಿದಾಗ ನಾನು ಫ್ರಾನ್ಸಿನ ಡೊಮಿನಿಕನ್ ಸನ್ಯಾಸಿ ಈವ್ ಕೊಂಗಾರ್ ಅವರನ್ನು ಆರಿಸಿಕೊಂಡೆ. ಕ್ಯಾಥೊಲಿಕ್ ವಲಯದ ಹೊರಗೆ ಈ ಹೆಸರು ಕನ್ನಡದಲ್ಲಿ ಅಷ್ಟಾಗಿ ಕೇಳಿಬಂದಿಲ್ಲ. ಆದರೆ 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಕ್ಯಾಥೊಲಿಕ್ ಧರ್ಮಸಭೆಯ ಮುಖವನ್ನೇ ಬದಲಿಸಿತು. ಆ ಮಹಾಸಭೆಯ ದಸ್ತಾವೇಜುಗಳನ್ನು ಬರೆದ ಕೈಗಳು ಯಾರವೆಂದು ಹುಡುಕುತ್ತ ಹೋದರೆ ಮತ್ತೆ ಮತ್ತೆ ಎದುರಾಗುವ ಹೆಸರು ಇದು. ಅದಕ್ಕೆ ಕೇವಲ ಹತ್ತು ವರ್ಷ ಮೊದಲು ಅದೇ ಧರ್ಮಸಭೆ ಈ ಮನುಷ್ಯನ ಪುಸ್ತಕದ ಮರುಮುದ್ರಣವನ್ನು ತಡೆದಿತ್ತು, ಪಾಠ ಹೇಳುವ ಕೆಲಸದಿಂದ ತೆಗೆದಿತ್ತು, ದೇಶದಿಂದಾಚೆಗೆ ಕಳಿಸಿತ್ತು.

ತಾನು ಮನಸಾರೆ ನಂಬಿದ ಸಂಸ್ಥೆ ತಪ್ಪು ಹೆಜ್ಜೆ ಇಡುತ್ತಿದೆ ಎಂದು ಕಂಡಾಗ ಅದರೊಳಗಿರುವವನು ಏನು ಮಾಡಬೇಕು? ಬಾಯಿ ಮುಚ್ಚಿಕೊಂಡು ಇರಬಹುದು, ಬಿಟ್ಟು ಹೊರಡಬಹುದು. ಕೊಂಗಾರ್ ಈ ಎರಡನ್ನೂ ಮಾಡಲಿಲ್ಲ. ಒಳಗಿದ್ದುಕೊಂಡೇ ತಿದ್ದುವುದು ಹೇಗೆ ಎಂಬುದನ್ನು ಒಂದು ಶಾಸ್ತ್ರವಾಗಿ ಬರೆದರು. ಬರೆದ ನಾಲ್ಕೇ ವರ್ಷಕ್ಕೆ ಆ ಶಾಸ್ತ್ರದ ಪರೀಕ್ಷೆ ಅವರ ಮೈಮೇಲೆಯೇ ನಡೆಯಿತು. ಅವರ ಚಿಂತನೆಯಲ್ಲಿ ತಾಳ್ಮೆಗೆ ದೊಡ್ಡ ಸ್ಥಾನವಿದೆ. ಆದರೆ ತಾಳ್ಮೆಯನ್ನು ಸುಧಾರಕನ ಪಾಲಿಗಷ್ಟೇ ಬಿಟ್ಟುಕೊಟ್ಟರೆ ಅದು ಅಧಿಕಾರಸ್ಥರಿಗೆ ಅನುಕೂಲದ ನೆಪವಾಗಿಬಿಡುತ್ತದೆ. ಕೊಂಗಾರರ ಬರಹ ಮತ್ತು ಬದುಕು ಎರಡನ್ನೂ ಒಟ್ಟಿಗೆ ಓದಿದಾಗ ನನಗೆ ಸಿಕ್ಕ ತಿಳಿವಳಿಕೆ ಇದು. ಇದನ್ನೇ ನಿಮ್ಮ ಮುಂದೆ ಬಿಡಿಸಿ ಇಡುತ್ತೇನೆ.

1. ಸೆದಾನಿನ ಹುಡುಗ

ಕೊಂಗಾರ್ ಹುಟ್ಟಿದ್ದು 1904ರ ಏಪ್ರಿಲ್ 13ರಂದು, ಈಶಾನ್ಯ ಫ್ರಾನ್ಸಿನ ಆರ್ಡೆನ್ ಸೀಮೆಯ ಸೆದಾನ್ ಪಟ್ಟಣದಲ್ಲಿ. ಬೆಲ್ಜಿಯಂ ಗಡಿಗೆ ತಾಗಿಕೊಂಡಂತಿರುವ ಈ ಊರಿಗೆ ಯುದ್ಧ ಹೊಸದಲ್ಲ. 1870ರಲ್ಲಿ ಮೂರನೇ ನೆಪೋಲಿಯನ್ ಪ್ರಷ್ಯದ ಸೇನೆಗೆ ಶರಣಾದದ್ದು ಇಲ್ಲಿಯೇ. ಊರಿಗೆ ಹಳೆಯ ಪ್ರಾಟೆಸ್ಟಂಟ್ ಪರಂಪರೆಯೂ ಇತ್ತು. ಹುಡುಗ ಈವ್‌ನ ಜೊತೆಗಾರರಲ್ಲಿ ಪ್ರಾಟೆಸ್ಟಂಟರ, ಯಹೂದ್ಯರ ಮಕ್ಕಳೂ ಇದ್ದರು.

1914ರ ಆಗಸ್ಟಿನಲ್ಲಿ ಜರ್ಮನ್ ಸೇನೆ ಊರೊಳಗೆ ಬಂದಾಗ ಅವನಿಗೆ ಹತ್ತು ವರ್ಷ. ಕಂಡದ್ದನ್ನೆಲ್ಲ ಬರೆದಿಡು ಎಂದು ತಾಯಿ ಹೇಳಿದರು. ಯುದ್ಧ ಮುಗಿಯುವವರೆಗೂ ಹುಡುಗ ಆ ದಿನಚರಿ ಬರೆದ, ಚಿತ್ರ ಬಿಡಿಸಿದ, ನಕ್ಷೆ ಹಾಕಿದ. ಅವನ ತಂದೆಯನ್ನು ಜರ್ಮನ್ನರು ಒತ್ತೆಯಾಳಾಗಿ ದೂರದ ಲಿಥುವೇನಿಯಕ್ಕೆ ಸಾಗಿಸಿದ್ದೂ ಅದರಲ್ಲಿದೆ. ಮಗುವಿನ ಆ ಬರಹ 1997ರಲ್ಲಿ ಪುಸ್ತಕವಾಗಿ ಬಂತು. ದಿನಚರಿ ಬರೆಯುವ ರೂಢಿಯನ್ನು ಕೊಂಗಾರ್ ಮುಂದೆಯೂ ಬಿಡಲಿಲ್ಲ. ಅವರ ಮನಸ್ಸು ನಮಗೆ ಇಷ್ಟು ತೆರೆದು ಕಾಣುವುದಕ್ಕೆ ಈ ರೂಢಿಯೇ ಕಾರಣ.

ಆ ಮೊದಲ ವಾರಗಳಲ್ಲೇ ಅವರ ಬಡಾವಣೆಯ ಚರ್ಚನ್ನು ಸೈನಿಕರು ಸುಟ್ಟುಹಾಕಿದರು. ಕ್ಯಾಥೊಲಿಕರಿಗೆ ಬಲಿಪೂಜೆಗೆ ಜಾಗವಿಲ್ಲದಂತಾಯಿತು. ಆಗ ಪ್ರಾಟೆಸ್ಟಂಟ್ ಪಾದ್ರಿಯೊಬ್ಬರು ತಮ್ಮ ಪುಟ್ಟ ಪ್ರಾರ್ಥನಾಲಯವನ್ನು ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟರು. ಸುಮಾರು ಆರು ವರ್ಷ ಆ ಬಡಾವಣೆಯ ಕ್ಯಾಥೊಲಿಕರು ಪೂಜೆ ಮಾಡಿದ್ದು ಅಲ್ಲಿ. ಒಡೆದ ಕ್ರೈಸ್ತ ಪಂಗಡಗಳನ್ನು ಹತ್ತಿರ ತರುವ ಕೆಲಸಕ್ಕೆ ತಮ್ಮ ಮನಸ್ಸು ಒಲಿದ ಮೂಲವನ್ನು ಕೊಂಗಾರ್ ಮುಂದೆ ಇಲ್ಲಿಯೇ ಗುರುತಿಸಿಕೊಂಡರು. ಋಣ ತೀರಿಸುವ ಭಾವವೂ ಅದರಲ್ಲಿ ಇತ್ತು.

2. ಮೂಲಕ್ಕೆ ಮರಳುವ ವಿದ್ಯೆ

1925ರಲ್ಲಿ ಅವರು ಡೊಮಿನಿಕನ್ ಸನ್ಯಾಸಿ ಸಭೆಗೆ ಸೇರಿದರು. ಸಭೆಯ ವಿದ್ಯಾಪೀಠ ಲ ಸೋಲ್ಶ್ವಾರ್ ಆಗ ಫ್ರಾನ್ಸಿನ ಕಾನೂನುಗಳ ಕಾರಣದಿಂದ ಗಡಿಯಾಚೆ ಬೆಲ್ಜಿಯಂನಲ್ಲಿತ್ತು. ಅಲ್ಲಿ ಅವರಿಗೆ ಸಿಕ್ಕ ಗುರು, ಮುಂದೆ ಗೆಳೆಯ, ಮರಿ ದೊಮಿನಿಕ್ ಶೆನು. 1930ರ ಜುಲೈ 25ರಂದು ಕೊಂಗಾರ್ ಗುರುಪಟ್ಟ (ಪಾದ್ರಿಯ ದೀಕ್ಷೆ) ಪಡೆದರು. ಅದಕ್ಕೆ ಸಿದ್ಧರಾಗುತ್ತ ಅವರು ಧ್ಯಾನಿಸಿದ್ದು ಯೊವಾನ್ನನ ಶುಭಸಂದೇಶದ ಹದಿನೇಳನೇ ಅಧ್ಯಾಯವನ್ನು, ತನ್ನವರೆಲ್ಲ ಒಂದಾಗಿರಲಿ ಎಂದು ಕ್ರಿಸ್ತ ಮಾಡುವ ಪ್ರಾರ್ಥನೆಯನ್ನು.

ಶೆನು ಅವರ ಶಾಲೆಯ ವಿಶೇಷ ಅರ್ಥವಾಗಬೇಕಾದರೆ ಆ ಕಾಲದ ಕ್ಯಾಥೊಲಿಕ್ ದೈವಶಾಸ್ತ್ರದ ಸ್ಥಿತಿ ತಿಳಿದಿರಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಸೆಮಿನರಿಗಳಲ್ಲಿ ಪಾಠ ನಡೆಯುತ್ತಿದ್ದುದು ಲ್ಯಾಟಿನ್ ಕೈಪಿಡಿಗಳಿಂದ. ಪ್ರಶ್ನೆ, ಉತ್ತರ, ಆಕ್ಷೇಪ, ಖಂಡನೆ, ಎಲ್ಲವೂ ಮೊದಲೇ ಜೋಡಿಸಿಟ್ಟಿರುತ್ತಿದ್ದವು. 1907ರಲ್ಲಿ ಹತ್ತನೇ ಭಕ್ತಿನಾಥ ಜಗದ್ಗುರುಗಳು (ಪೋಪ್ ಪಯಸ್) ‘ಆಧುನಿಕತಾವಾದ’ವನ್ನು ಖಂಡಿಸಿದ ಮೇಲೆ, 1910ರಿಂದ ಗುರುಗಳೂ ಅಧ್ಯಾಪಕರೂ ಅದರ ವಿರುದ್ಧ ಪ್ರಮಾಣವಚನ ಸ್ವೀಕರಿಸಬೇಕಾಗಿತ್ತು. ಇತಿಹಾಸದ ಕಣ್ಣಿನಿಂದ ಧರ್ಮವನ್ನು ನೋಡಿದರೂ ಅನುಮಾನ ಬರುವ ಕಾಲ ಅದು.

ಶೆನು ಮತ್ತು ಅವರ ಶಿಷ್ಯರು ಆ ಕೈಪಿಡಿಗಳು ಆಧಾರವಾಗಿ ಹಿಡಿದಿದ್ದ ಮಧ್ಯಯುಗದ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸನನ್ನು ಬಿಡಲಿಲ್ಲ. ಅವನನ್ನು ಅವನ ಹದಿಮೂರನೇ ಶತಮಾನಕ್ಕೆ ಒಯ್ದು ಓದಿದರು. ಅವನು ಯಾರ ಜೊತೆ ವಾದ ಮಾಡುತ್ತಿದ್ದ, ಅವನು ಪಾಠ ಹೇಳಿದ ವಿಶ್ವವಿದ್ಯಾನಿಲಯದಲ್ಲಿ ಏನು ನಡೆಯುತ್ತಿತ್ತು, ಅರಿಸ್ಟಾಟಲನ ಹೊಸ ಅನುವಾದಗಳು ಎಂಥ ಗದ್ದಲ ಎಬ್ಬಿಸಿದ್ದವು ಎಂದು ಕೇಳಿದರು. ಅಲ್ಲಿಂದ ಇನ್ನೂ ಹಿಂದಕ್ಕೆ ಹೋಗಿ ಮೊದಲ ಶತಮಾನಗಳ ಆಚಾರ್ಯರಾದ ಸಭಾಪಿತೃಗಳನ್ನು, ಬೈಬಲನ್ನು, ಹಳೆಯ ಪೂಜಾವಿಧಿಗಳನ್ನು ಓದಿದರು. ಹೀಗೆ ಓದಿದಾಗ ಒಂದು ಸತ್ಯ ಹೊಳೆಯಿತು. ಪರಂಪರೆಯ ಹೆಸರಿನಲ್ಲಿ ರಕ್ಷಿಸಿಕೊಂಡು ಬಂದದ್ದರಲ್ಲಿ ಬಹುಪಾಲು ನಿನ್ನೆ ಮೊನ್ನೆಯದು. ಹದಿನಾರನೇ ಶತಮಾನದಲ್ಲಿ ಪ್ರಾಟೆಸ್ಟಂಟರೊಂದಿಗೆ ನಡೆದ ಜಗಳದ ಬಿಸಿಯಲ್ಲಿ, ಹತ್ತೊಂಬತ್ತನೇ ಶತಮಾನದ ರಾಜಕೀಯದ ಹೆದರಿಕೆಯಲ್ಲಿ ಹುಟ್ಟಿಕೊಂಡದ್ದು. ಅದಕ್ಕಿಂತ ಹಳೆಯದಾದ ಪರಂಪರೆ ಹೆಚ್ಚು ವಿಶಾಲವಾಗಿತ್ತು. ಕೊಂಗಾರರ ಇಡೀ ಸಾಧನೆಗೆ ಈ ತಿಳಿವು ಬುನಾದಿ. ಸಂಪ್ರದಾಯವಾದಿಗಳನ್ನು ಅವರು ಎದುರಿಸಿದ್ದು ಹೊಸತನದ ಹೆಸರು ಹೇಳಿ ಅಲ್ಲ, ಅವರಿಗಿಂತ ಹಳೆಯದನ್ನು ಬಲ್ಲವರಾಗಿ.

1936ರ ಜನವರಿಯಲ್ಲಿ ಪ್ಯಾರಿಸ್ಸಿನ ಮೊಂಮಾರ್ತ್ರ್ ಬೆಟ್ಟದ ಬಸಿಲಿಕದಲ್ಲಿ ಕ್ರೈಸ್ತ ಐಕ್ಯದ ಬಗ್ಗೆ ಅವರು ಸರಣಿ ಪ್ರವಚನ ಕೊಟ್ಟರು. ಅದೇ ಬೆಳೆದು 1937ರಲ್ಲಿ ‘ಒಡೆದುಹೋದ ಕ್ರೈಸ್ತರು’ ಎಂಬ ಗ್ರಂಥವಾಯಿತು. ಬೇರೆ ಪಂಗಡದವರೊಂದಿಗೆ ಐಕ್ಯದ ಸಭೆಗಳಿಗೆ ಕ್ಯಾಥೊಲಿಕರು ಹೋಗಕೂಡದೆಂದು 1928ರಲ್ಲಷ್ಟೇ ಹನ್ನೊಂದನೇ ಭಕ್ತಿನಾಥರು ಸಾರಿದ್ದರು. ತಪ್ಪಿಹೋದವರು ಮರಳಿ ಬರಲಿ ಎಂಬುದೇ ಐಕ್ಯದ ಅಧಿಕೃತ ಅರ್ಥವಾಗಿತ್ತು. ಬೇರೆಯಾದವರ ಬಳಿ ನಾವು ಕಳೆದುಕೊಂಡ ಸಂಪತ್ತು ಇದೆ, ನಮ್ಮ ಒಡಕಿನಿಂದ ನಮ್ಮ ಪೂರ್ಣತೆಯೇ ಕುಂದಿದೆ ಎಂದು ಕೊಂಗಾರ್ ಬರೆದರು. ಈ ಪುಸ್ತಕದಿಂದ ಆರಂಭವಾದ ‘ಉನಾಂ ಸಾಂಕ್ತಾಂ’ ಮಾಲೆಯನ್ನು ಅವರೇ ಸಂಪಾದಿಸಿದರು. ಧರ್ಮಸಭೆಯ ಸ್ವರೂಪವನ್ನು ಇತಿಹಾಸದಲ್ಲಿಟ್ಟು ನೋಡುವ ಗ್ರಂಥಗಳು ಅದರಲ್ಲಿ ಒಂದರ ಮೇಲೊಂದು ಬಂದವು.

3. ಸೆರೆ ಮತ್ತು ಬಿಡುಗಡೆ

1939ರಲ್ಲಿ ಮತ್ತೆ ಯುದ್ಧ. ಸೇನೆಗೆ ಕರೆ ಬಂತು. 1940ರಲ್ಲಿ ಸಿಕ್ಕಿಬಿದ್ದ ಕೊಂಗಾರ್ 1945ರವರೆಗೆ ಜರ್ಮನ್ನರ ಸೆರೆಯಲ್ಲಿದ್ದರು. ಮತ್ತೆ ಮತ್ತೆ ತಪ್ಪಿಸಿಕೊಳ್ಳಲು ಯತ್ನಿಸಿದ್ದರಿಂದ ಅವರನ್ನು ಕೋಲ್ಡಿಟ್ಸ್ ಕೋಟೆಗೂ ಅಲ್ಲಿಂದ ಲ್ಯೂಬೆಕ್ ಶಿಬಿರಕ್ಕೂ ಹಾಕಿದರು. ಸೆರೆಯವರ ಮುಂದೆ ನಾತ್ಸಿ ಸಿದ್ಧಾಂತವನ್ನು ಅವರು ಬಹಿರಂಗವಾಗಿಯೇ ಖಂಡಿಸುತ್ತಿದ್ದರು. ಅವರು ಸೆರೆಯಲ್ಲಿದ್ದಾಗಲೇ, 1942ರಲ್ಲಿ, ಶೆನು ಅವರ ಪುಟ್ಟ ಪುಸ್ತಕವೊಂದನ್ನು ರೋಮ್ ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿಸಿತು. ಲ ಸೋಲ್ಶ್ವಾರ್‌ನಲ್ಲಿ ಪಾಠ ಹೇಗೆ ನಡೆಯುತ್ತದೆ ಎಂಬುದನ್ನು ವಿವರಿಸಿದ ಪುಸ್ತಕ ಅದು.

ಯುದ್ಧ ಮುಗಿದ ಮೇಲಿನ ಫ್ರಾನ್ಸಿನಲ್ಲಿ ಹೊಸ ಗಾಳಿ ಬೀಸುತ್ತಿತ್ತು. ಕಾರ್ಖಾನೆಗಳಲ್ಲಿ ಕೂಲಿ ಮಾಡುತ್ತ ಕಾರ್ಮಿಕರ ನಡುವೆ ಬದುಕುವ ಗುರುಗಳು ಕಾಣಿಸಿಕೊಂಡರು. ಜನಭಾಷೆಯಲ್ಲಿ ಪೂಜೆ ಬೇಕೆಂಬ ಮಾತು, ಬೈಬಲ್ ಅಧ್ಯಯನದ ಉತ್ಸಾಹ ಎಲ್ಲ ಕಡೆ ಇತ್ತು. ಸುಧಾರಣೆಯ ಮಾತು ಇಷ್ಟು ಧಾರಾಳವಾಗಿ ಹರಿಯುವಾಗ ಯಾವುದು ನಿಜ, ಯಾವುದು ಹುಸಿ ಎಂದು ಅಳೆಯುವುದಕ್ಕೆ ಮಾನದಂಡ ಬೇಕು ಎಂದು ಕೊಂಗಾರರಿಗೆ ಅನಿಸಿತು. 1950ರಲ್ಲಿ ಬಂದ ಅವರ ಮುಖ್ಯ ಕೃತಿ ‘ಧರ್ಮಸಭೆಯಲ್ಲಿ ನಿಜ ಸುಧಾರಣೆ ಮತ್ತು ಹುಸಿ ಸುಧಾರಣೆ’ ಹುಟ್ಟಿದ್ದು ಹೀಗೆ.

4. ನಾಲ್ಕು ಷರತ್ತುಗಳು

ಈ ಪುಸ್ತಕದ ಮೇಲೆ ಸ್ವಲ್ಪ ನಿಲ್ಲೋಣ. ಧರ್ಮಸಭೆ ದೇವರ ಕೊಡುಗೆ, ಆದ್ದರಿಂದ ಅದಕ್ಕೆ ಸುಧಾರಣೆ ಏಕೆ ಬೇಕು ಎಂಬುದು ಅಂದಿನ ಅಧಿಕೃತ ಧೋರಣೆ. ಸದಸ್ಯರು ಪಾಪಿಗಳಿರಬಹುದು, ಸಭೆ ಮಾತ್ರ ನಿಷ್ಕಳಂಕ ಎಂದು ಹೇಳಿ ಮುಗಿಸುತ್ತಿದ್ದರು. ಕೊಂಗಾರ್ ಇಲ್ಲೊಂದು ವಿಂಗಡಣೆ ಮಾಡಿದರು. ಮೇಲಿನಿಂದ ಬಂದ ನಂಬಿಕೆ, ಸಂಸ್ಕಾರಗಳು ಒಂದು ಪಾಲು. ಇತಿಹಾಸದಲ್ಲಿ ಮನುಷ್ಯರು ಕಟ್ಟಿಕೊಂಡ ರೂಢಿ, ಆಡಳಿತ, ಮನೋಭಾವ ಇನ್ನೊಂದು ಪಾಲು. ಎರಡನೆಯದು ಜಡ್ಡುಗಟ್ಟಬಹುದು. ಸಾಧನವಾಗಿ ಬಂದದ್ದು ಗುರಿಯ ಜಾಗದಲ್ಲಿ ಕೂತುಬಿಡಬಹುದು. ವ್ಯಕ್ತಿಗಳ ದುರ್ನಡತೆಯನ್ನು ತಿದ್ದಿದರೆ ಇದು ಸರಿಹೋಗುವುದಿಲ್ಲ. ಒಳ್ಳೆಯವರೇ ತುಂಬಿರುವ ಸಂಸ್ಥೆಯೂ ಹೀಗೆ ಜಡ್ಡುಗಟ್ಟಬಲ್ಲದು. ರೋಮಿಗೆ ಇರುಸುಮುರುಸಾದದ್ದು ಈ ಮಾತಿನಿಂದಲೇ.

ಒಡಕಿಗೆ ದಾರಿಯಾಗದ ಸುಧಾರಣೆಗೆ ಅವರು ನಾಲ್ಕು ಷರತ್ತುಗಳನ್ನು ಹಾಕಿದರು. ಮೊದಲನೆಯದು, ಪ್ರೀತಿಗೂ ಜನರ ಆತ್ಮಹಿತಕ್ಕೂ ಅಗ್ರಸ್ಥಾನ. ತಲೆಯಲ್ಲಿ ಮೂಡಿದ ಒಂದು ಸಿದ್ಧಾಂತವನ್ನು ಜನರ ಮೇಲೆ ಹೇರಲು ಹೊರಟವನು ಸುಧಾರಕನಲ್ಲ. ಎರಡನೆಯದು, ಇಡೀ ಸಮುದಾಯದೊಂದಿಗೆ ಬಾಂಧವ್ಯ ಉಳಿಸಿಕೊಳ್ಳುವುದು. ಹೊಸ ಒಳನೋಟ ಮೊದಲು ಅಂಚಿನಲ್ಲಿರುವ ಒಬ್ಬಿಬ್ಬರಿಗೆ ಹೊಳೆಯುತ್ತದೆ, ಸರಿ. ಅದು ಎಲ್ಲರ ಸ್ವತ್ತಾಗಬೇಕಾದರೆ ನಡುಮನೆಯವರೂ ಅದನ್ನು ಒಪ್ಪಬೇಕು. ಮೂರನೆಯದು ತಾಳ್ಮೆ. ನಾಲ್ಕನೆಯದು, ಪರಂಪರೆಯ ಮೂಲಕ್ಕೆ ಮರಳಿ ಅಲ್ಲಿಂದ ಹೊಸದನ್ನು ಪಡೆಯುವುದು. ಕಾಲಕ್ಕೆ ತಕ್ಕ ಕೋಲ ಕಟ್ಟುವುದು ಅವರ ಪ್ರಕಾರ ಸುಧಾರಣೆಯಲ್ಲ.

ಮೂರನೆಯ ಷರತ್ತಿಗೆ ಮತ್ತೆ ಬರೋಣ. ಸುಧಾರಕನಿಗೆ ಅವಸರ ಜಾಸ್ತಿ. ಅವನಿಗೆ ಸತ್ಯ ಒಂದೇ ತುಂಡಾಗಿ ಕಾಣುತ್ತದೆ, ಇಂದೇ ಆಗಬೇಕು ಎನ್ನುತ್ತಾನೆ. ಬೆಳೆಯಬೇಕಾದ್ದಕ್ಕೆ ಕಾಲ ಬೇಕೆಂಬುದನ್ನು ಅವನು ಒಪ್ಪಿಕೊಳ್ಳಬೇಕು. ಆದರೆ ಕೊಂಗಾರ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೆಳಗಿನವರು ತಾಳಿಕೊಳ್ಳಬೇಕಾದರೆ ಮೇಲಿನವರು ಆ ತಾಳ್ಮೆಯನ್ನು ದುಡಿಸಿಕೊಳ್ಳಬಾರದು, ಕೇಳಿದ ಪ್ರಶ್ನೆಗೆ ಕಿವಿಗೊಡದೆ ಕಾಲ ತಳ್ಳಬಾರದು. ಎಷ್ಟೋ ಒಡಕುಗಳಿಗೆ ಸುಧಾರಕರ ಅವಸರ ಎಷ್ಟು ಕಾರಣವೋ ಅಧಿಕಾರದ ವಿಳಂಬವೂ ಅಷ್ಟೇ ಕಾರಣ. ಈ ಷರತ್ತಿಗೆ ಎರಡು ಬದಿ ಇದೆ ಎಂಬುದನ್ನು ಕೊಂಗಾರರನ್ನು ಮೆಚ್ಚುವವರೂ ಮರೆಯುತ್ತಾರೆ.

ಪ್ಯಾರಿಸ್ಸಿನಲ್ಲಿ ಆಗ ವ್ಯಾಟಿಕನ್ನಿನ ರಾಯಭಾರಿಯಾಗಿದ್ದವರು ಆಂಜೆಲೊ ರೊಂಕಾಲಿ. ಅವರು ಈ ಪುಸ್ತಕ ಓದಿ, ಧರ್ಮಸಭೆಯಲ್ಲಿ ಸುಧಾರಣೆ ಸಾಧ್ಯವೇ ಎಂದು ಕೇಳಿದರೆಂದು ಹೇಳುತ್ತಾರೆ. ಆ ರಾಯಭಾರಿಯ ಹೆಸರು ನೆನಪಿರಲಿ.

5. ಶಿಕ್ಷೆಯ ವರ್ಷಗಳು

1950ರ ಆಗಸ್ಟಿನಲ್ಲಿ ಹನ್ನೆರಡನೇ ಭಕ್ತಿನಾಥರು ಹೊರಡಿಸಿದ ವಿಶ್ವಪತ್ರ ಫ್ರಾನ್ಸಿನ ಹೊಸ ದೈವಶಾಸ್ತ್ರದ ಒಲವುಗಳನ್ನು ಹೆಸರೆತ್ತದೆ ಎಚ್ಚರಿಸಿತು. 1952ರಲ್ಲಿ ಕೊಂಗಾರರ ಪುಸ್ತಕದ ಮರುಮುದ್ರಣ, ಅನುವಾದಗಳಿಗೆ ತಡೆ ಬಂತು. ಅವರು ಬರೆಯುವ ಪ್ರತಿಯೊಂದೂ, ಚಿಕ್ಕ ಪುಸ್ತಕವಿಮರ್ಶೆ ಕೂಡ, ರೋಮಿನ ಪರಿಶೀಲನೆಗೆ ಹೋಗಬೇಕಾಯಿತು. 1954ರ ಫೆಬ್ರವರಿಯಲ್ಲಿ ಕಾರ್ಮಿಕ ಗುರುಗಳ ಪ್ರಯೋಗಕ್ಕೆ ಕೊನೆ ಹಾಡುವ ಹೊತ್ತಿಗೆ ಫ್ರಾನ್ಸಿನ ಡೊಮಿನಿಕನ್ನರ ಮೂವರು ಪ್ರಾಂತ್ಯಾಧಿಕಾರಿಗಳನ್ನು ಕೆಳಗಿಳಿಸಿದರು. ಶೆನು, ಕೊಂಗಾರ್ ಮೊದಲಾದವರನ್ನು ಪ್ಯಾರಿಸ್ಸಿನಿಂದ ದೂರ ಕಳಿಸಿದರು. ಅವರ ಮೇಲಿನ ಆರೋಪವೇನೆಂದು ಸ್ಪಷ್ಟವಾಗಿ ಹೇಳಿದವರಿಲ್ಲ, ಉತ್ತರ ಕೊಡಲು ಅವಕಾಶವೂ ಇರಲಿಲ್ಲ.

ಮೊದಲು ಜೆರುಸಲೇಮ್. ಅಲ್ಲಿ ಕೂತು ಅವರು ದೇವಾಲಯದ ರಹಸ್ಯವನ್ನು ಕುರಿತ ಬೈಬಲ್ ಅಧ್ಯಯನವೊಂದನ್ನು ಬರೆದರು. ಆಮೇಲೆ ಕೆಲವು ತಿಂಗಳು ರೋಮಿನಲ್ಲಿ ವಿಚಾರಣೆಯ ನಿರೀಕ್ಷೆ. ಮುಂದೆ 1956ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್. ಕೇಂಬ್ರಿಜ್‌ನಿಂದ ತಾಯಿಯ ಎಂಬತ್ತನೇ ಹುಟ್ಟುಹಬ್ಬಕ್ಕೆ ಬರೆದ ಪತ್ರದಲ್ಲಿ ಅವರ ಸಂಕಟ ಒಡೆದು ಬಂದಿದೆ. ತಾನು ನಂಬಿದ್ದನ್ನು, ದುಡಿದದ್ದನ್ನು ಎಲ್ಲ ಕಿತ್ತುಕೊಂಡರು, ದೇಹವೊಂದನ್ನು ಬಿಟ್ಟು ಮಿಕ್ಕಂತೆ ತನ್ನನ್ನು ಮುಗಿಸಿಬಿಟ್ಟರು ಎಂಬ ಅರ್ಥದ ಮಾತು ಅದರಲ್ಲಿದೆ. ಆ ವರ್ಷಗಳ ದಿನಚರಿಯಲ್ಲಿ ರೋಮಿನ ಅಧಿಕಾರಿಗಳ ಮೇಲಿನ ಕೋಪ ಸುಡುವಷ್ಟು ಬಿಸಿಯಾಗಿದೆ. ಸಹನೆಯ ಮೂರ್ತಿ ಎಂದು ಅವರನ್ನು ಹೊಗಳುವವರು ಈ ಪುಟಗಳನ್ನು ಓದಬೇಕು. ಅವರದು ಸಾಧು ಸ್ವಭಾವವೇ ಅಲ್ಲ. ಮುಂಗೋಪಿ, ಮಾತು ಹರಿತ, ಕೆಲಸಕ್ಕೆ ಅಡ್ಡ ಬಂದವರನ್ನು ಸಹಿಸುತ್ತಿರಲಿಲ್ಲ. ಅಂಥವರು ತಾಳಿಕೊಂಡರು, ಮತ್ತು ತಾಳಿಕೊಂಡಷ್ಟು ದಿನವೂ ಓದಿದರು, ಬರೆದರು.

1956ರ ಕೊನೆಗೆ ಸ್ಟ್ರಾಸ್‌ಬೂರ್ಗ್‌ನ ಧರ್ಮಾಧ್ಯಕ್ಷ ಜಾನ್ ಜುಲಿಯನ್ ವೆಬರ್ ಕೊಂಗಾರರನ್ನು ಕರೆಸಿಕೊಂಡು ನೆಲೆ ಕೊಟ್ಟರು. ‘ಪರಂಪರೆ ಮತ್ತು ಪರಂಪರೆಗಳು’ ಎಂಬ ಎರಡು ಸಂಪುಟಗಳ ಮಹತ್ವದ ಕೃತಿ 1960 ಮತ್ತು 1963ರಲ್ಲಿ ಹೊರಬಂತು.

6. ಮಹಾಸಭೆ

1958ರ ಅಕ್ಟೋಬರಿನಲ್ಲಿ ಹನ್ನೆರಡನೇ ಭಕ್ತಿನಾಥರು ತೀರಿಕೊಂಡರು. ಅವರ ಜಾಗಕ್ಕೆ ಬಂದವರು ಅದೇ ರೊಂಕಾಲಿ, ಇಪ್ಪತ್ತಮೂರನೇ ಯೊವಾನ್ನರಾಗಿ. 1959ರ ಜನವರಿ 25ರಂದು ಅವರು ಮಹಾಸಭೆ ಕರೆಯುವುದಾಗಿ ಪ್ರಕಟಿಸಿದರು. 1960ರಲ್ಲಿ ಅದರ ಪೂರ್ವಸಿದ್ಧತೆಯ ದೈವಶಾಸ್ತ್ರ ಆಯೋಗಕ್ಕೆ ಸಲಹೆಗಾರರ ಹೆಸರುಗಳು ಹೊರಬಿದ್ದಾಗ ಅದರಲ್ಲಿ ಕೊಂಗಾರ್ ಇದ್ದರು. ಅವರಂತೆಯೇ ದಂಡನೆ ಉಂಡಿದ್ದ ಜೆಸ್ವಿಟ್ ಆನ್ರಿ ದ ಲ್ಯುಬಾಕ್ ಕೂಡ ಇದ್ದರು.

1962ರ ಅಕ್ಟೋಬರ್ 11ರಂದು ಮಹಾಸಭೆ ಶುರುವಾಯಿತು. ಎರಡು ಸಾವಿರಕ್ಕೂ ಹೆಚ್ಚು ಧರ್ಮಾಧ್ಯಕ್ಷರು ಬಂದಿದ್ದರು. ರೋಮಿನ ಕಚೇರಿಗಳು ಸಿದ್ಧಪಡಿಸಿಟ್ಟ ಕರಡುಗಳು ಹಳೆಯ ಕೈಪಿಡಿಗಳ ಧಾಟಿಯಲ್ಲೇ ಇದ್ದವು. ದೈವಪ್ರಕಟಣೆಯ ಕರಡು ನವೆಂಬರಿನಲ್ಲಿ ಮತಕ್ಕೆ ಬಂದಾಗ ಹೆಚ್ಚಿನವರು ವಿರೋಧಿಸಿದರೂ ಬೇಕಾದ ಮೂರನೇ ಎರಡರಷ್ಟು ಮತ ಸಿಗಲಿಲ್ಲ. ಯೊವಾನ್ನರು ತಾವೇ ನಡುವೆ ಬಂದು ಅದನ್ನು ಹಿಂದಕ್ಕೆ ಪಡೆದರು. ಅಲ್ಲಿಂದ ಮುಂದೆ ಹೊಸದಾಗಿ ಬರೆಯಬಲ್ಲವರಿಗೆ ಕೈತುಂಬ ಕೆಲಸ.

ಕೊಂಗಾರರ ಮಹಾಸಭೆಯ ದಿನಚರಿ ಎರಡು ದೊಡ್ಡ ಸಂಪುಟಗಳಷ್ಟಿದೆ. 2000ನೇ ಇಸವಿಗೆ ಮುಂಚೆ ಅಚ್ಚು ಮಾಡಬಾರದೆಂದು ಅವರು ಹೇಳಿಟ್ಟಿದ್ದರು; ಅದು ಬಂದದ್ದು 2002ರಲ್ಲಿ. ನಡೆಯಲು ಕಷ್ಟ, ಕೈಕಾಲಿನ ಶಕ್ತಿ ಕುಂದುತ್ತಿದೆ, ಆದರೂ ಬೆಳಗಿನಿಂದ ರಾತ್ರಿವರೆಗೆ ಆಯೋಗ, ಉಪಸಮಿತಿ, ತಿದ್ದುಪಡಿ. ಯಾವ ಪದಕ್ಕೆ ಯಾರು ಅಡ್ಡಬಂದರು, ಯಾವ ವಾಕ್ಯ ಉಳಿಯಿತು ಎಂಬುದನ್ನೆಲ್ಲ ಅವರು ದಾಖಲಿಸಿದ್ದಾರೆ. ಮಹಾಸಭೆ ಮುಗಿಯುವ ಹಿಂದಿನ ದಿನ, 1965ರ ಡಿಸೆಂಬರ್ 7ರಂದು, ತಮ್ಮ ಕೈ ಸೇರಿದ ಭಾಗಗಳ ಪಟ್ಟಿ ಬರೆದುಕೊಂಡಿದ್ದಾರೆ. ಧರ್ಮಸಭೆಯ ಸ್ವರೂಪ, ದೈವಪ್ರಕಟಣೆ, ಕ್ರೈಸ್ತ ಐಕ್ಯ, ಅನ್ಯಧರ್ಮಗಳು, ಧಾರ್ಮಿಕ ಸ್ವಾತಂತ್ರ್ಯ, ಧರ್ಮಪ್ರಚಾರ, ಗುರುಗಳ ಸೇವೆ, ಆಧುನಿಕ ಜಗತ್ತು, ಹೀಗೆ ಮುಖ್ಯ ದಸ್ತಾವೇಜುಗಳಲ್ಲಿ ಬಹುಪಾಲು ಅದರಲ್ಲಿ ಬರುತ್ತವೆ.

ಇವುಗಳಲ್ಲಿ ಎರಡು ಸಂಗತಿಗಳನ್ನು ಎತ್ತಿ ಹೇಳುತ್ತೇನೆ. 1964ರ ನವೆಂಬರ್ 21ರಂದು ಪ್ರಕಟವಾದ ಧರ್ಮಸಭೆಯ ಮೇಲಿನ ಸಂವಿಧಾನದಲ್ಲಿ ದೇವಪ್ರಜೆ ಎಂಬ ಅಧ್ಯಾಯ ಎರಡನೆಯದು, ಧರ್ಮಾಧ್ಯಕ್ಷರ ಅಧಿಕಾರದ ಅಧ್ಯಾಯ ಮೂರನೆಯದು. ನೋಡಲು ಇದು ಅಧ್ಯಾಯಗಳ ಜೋಡಣೆ ಮಾತ್ರ. ಆದರೆ ಶತಮಾನಗಳಿಂದ ಅಧಿಕಾರಿವರ್ಗವೇ ಧರ್ಮಸಭೆ ಎಂಬಂತೆ ನಡೆದುಬಂದ ಯೋಚನೆಯನ್ನು ಈ ಜೋಡಣೆ ತಲೆಕೆಳಗು ಮಾಡಿತು. ದೀಕ್ಷಾಸ್ನಾನ ಪಡೆದ ಎಲ್ಲರೂ ಮೊದಲು, ಅವರ ಸೇವೆಗೆ ನಿಂತ ಅಧಿಕಾರ ಆಮೇಲೆ. ಎರಡನೇ ಸಂಗತಿ, ಅದೇ ದಿನ ಪ್ರಕಟವಾದ ಕ್ರೈಸ್ತ ಐಕ್ಯದ ಆದೇಶಪತ್ರ. ಭೂಮಿಯ ಮೇಲೆ ಪಯಣಿಸುತ್ತಿರುವ ಧರ್ಮಸಭೆಗೆ ನಿರಂತರ ಸುಧಾರಣೆಯ ಕರೆ ಇದೆ ಎಂದು ಅದರ ಆರನೇ ಪರಿಚ್ಛೇದ ಒಪ್ಪಿಕೊಂಡಿತು. 1952ರಲ್ಲಿ ಮರುಮುದ್ರಣಕ್ಕೆ ಯೋಗ್ಯವಲ್ಲದ ವಿಚಾರ ಹನ್ನೆರಡು ವರ್ಷಕ್ಕೆ ಧರ್ಮಸಭೆಯ ಅಧಿಕೃತ ಬೋಧನೆಯಾಯಿತು.

7. ಶ್ರೀಸಾಮಾನ್ಯರ ಸ್ಥಾನ

ಕೊಂಗಾರರ ಇನ್ನೊಂದು ಮುಖ್ಯ ಕೃತಿ 1953ರಲ್ಲಿ ಬಂದ ಶ್ರೀಸಾಮಾನ್ಯರ ದೈವಶಾಸ್ತ್ರ. ಗುರುಪಟ್ಟವಿಲ್ಲದ ಸಾಧಾರಣ ಭಕ್ತರಿಗೆ ಧರ್ಮಸಭೆಯಲ್ಲಿ ಏನು ಸ್ಥಾನ ಎಂಬ ಪ್ರಶ್ನೆಗೆ ಬಂದ ತಮಾಷೆಯ ಉತ್ತರವೊಂದನ್ನು ಅವರು ಅದರ ಆರಂಭದಲ್ಲೇ ಹೇಳುತ್ತಾರೆ. ಬಲಿಪೀಠದ ಮುಂದೆ ಮಂಡಿಯೂರುವುದು ಒಂದು, ಪ್ರಬೋಧನೆಯ ಪೀಠದ ಕೆಳಗೆ ಕೂರುವುದು ಇನ್ನೊಂದು; ಮೂರನೆಯದೂ ಇದೆ, ಜೇಬಿಗೆ ಕೈಹಾಕುವುದು. ಈ ನಗೆಯ ಹಿಂದಿನ ಅವಮಾನವನ್ನು ಅವರು ಐನೂರಕ್ಕೂ ಹೆಚ್ಚು ಪುಟಗಳಲ್ಲಿ ಬಿಡಿಸಿಟ್ಟರು. ಕ್ರಿಸ್ತನ ಯಾಜಕತ್ವ, ರಾಜತ್ವ, ಪ್ರವಾದಿತ್ವ ಈ ಮೂರರಲ್ಲೂ ಎಲ್ಲ ಭಕ್ತರಿಗೂ ಪಾಲಿದೆ ಎಂದು ತೋರಿಸಿದರು.

ಆದರೆ 1970ರ ಹೊತ್ತಿಗೆ ಈ ಪುಸ್ತಕದ ಕೊರತೆಯನ್ನು ಅವರೇ ಎತ್ತಿ ತೋರಿಸಿದರು. ಗುರು ಒಂದು ಕಡೆ, ಶ್ರೀಸಾಮಾನ್ಯ ಇನ್ನೊಂದು ಕಡೆ ಎಂದು ಹಂಚಿ, ಶ್ರೀಸಾಮಾನ್ಯನನ್ನು ಗುರುವಿನ ಎದುರಿಟ್ಟು ಅಳೆದದ್ದು ಸರಿಯಾಗಲಿಲ್ಲ ಎಂದರು. ಸಮುದಾಯವನ್ನು ಮೊದಲಿಟ್ಟು, ಅದರೊಳಗಿನ ಬಗೆಬಗೆಯ ಸೇವೆಗಳನ್ನು ಆಮೇಲೆ ನೋಡಬೇಕು, ಗುರುಸೇವೆ ಅವುಗಳಲ್ಲಿ ಒಂದು. 1972ರಲ್ಲಿ ಬರೆದ ದೀರ್ಘ ಪ್ರಬಂಧವೊಂದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೇಲಿನಿಂದ ಬಂದ ತೀರ್ಮಾನ ಕಾನೂನಿನ ಬಲದಿಂದ ಜಾರಿಯಾಗಬಹುದು, ಜನ ಅದನ್ನು ತಮ್ಮದೆಂದು ಒಳಗೆ ಬರಮಾಡಿಕೊಂಡಾಗಲಷ್ಟೇ ಅದು ಜೀವಂತವಾಗುತ್ತದೆ ಎಂದು ಹಳೆಯ ಮಹಾಸಭೆಗಳ ಇತಿಹಾಸದಿಂದಲೇ ತೋರಿಸಿದರು. ನಾಲ್ಕನೇ ಶತಮಾನದ ನೈಸಿಯ ಮಹಾಸಭೆಯ ವಿಶ್ವಾಸಪ್ರಮಾಣ ಎಲ್ಲೆಡೆ ನೆಲೆಗೊಳ್ಳಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಕೊನೆಗಾಲದಲ್ಲಿ ಪವಿತ್ರಾತ್ಮನನ್ನು ಕುರಿತು ಅವರು ಬರೆದ ಮೂರು ಸಂಪುಟಗಳು ಇದೇ ಯೋಚನೆಯ ಮುಂದುವರಿಕೆ. ಪವಿತ್ರಾತ್ಮ ಎಲ್ಲರಲ್ಲೂ ಕೆಲಸ ಮಾಡುತ್ತಾನೆ ಎಂದು ನಂಬಿದ ಮೇಲೆ ಎಲ್ಲರ ಮಾತನ್ನೂ ಕೇಳಲೇಬೇಕು.

8. ನಮ್ಮ ಕಡೆ

ರೋಮಿನಲ್ಲಿ ನಡೆದದ್ದು ಕರ್ನಾಟಕದ ಊರುಗಳನ್ನೂ ತಟ್ಟಿತು. 1963ರ ಡಿಸೆಂಬರ್ 4ರಂದು ಪ್ರಕಟವಾದ ಆರಾಧನಾವಿಧಿಯ ಸಂವಿಧಾನ ಜನಭಾಷೆಗಳಿಗೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಬಲಿಪೂಜೆ ಲ್ಯಾಟಿನ್‌ನಲ್ಲಿ, ಗುರುಗಳು ಪೀಠದತ್ತ ಮುಖ ಮಾಡಿ ನಿಂತು. ಆಮೇಲಿನ ವರ್ಷಗಳಲ್ಲಿ ಪೂಜೆ ಕನ್ನಡಕ್ಕೆ ಬಂತು, ಕರಾವಳಿಯಲ್ಲಿ ಕೊಂಕಣಿಗೆ ಬಂತು. ಬೆಂಗಳೂರಿನಲ್ಲಿ 1967ರಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರ ಶುರುವಾಯಿತು. ಅದನ್ನು ಕಟ್ಟಿದ ಡಿ. ಎಸ್. ಅಮಲೋರ್‌ಪವದಾಸ್ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕ್ರೈಸ್ತಧರ್ಮ ಪೀಠವನ್ನೂ ಕಟ್ಟಿದರು. ಭಾರತೀಯ ಪೂಜಾವಿಧಿಗೆ ಸಂಬಂಧಿಸಿದ 12 ಅಂಶಗಳಿಗೆ 1969ರಲ್ಲಿ ರೋಮ್ ಒಪ್ಪಿಗೆ ಕೊಟ್ಟಿತು. ನೆಲದ ಮೇಲೆ ಕೂರುವುದು, ಕೈಮುಗಿದು ವಂದಿಸುವುದು, ಆರತಿ ಎತ್ತುವುದು ಅವುಗಳಲ್ಲಿ ಸೇರಿದ್ದವು. ಇದನ್ನು ಸ್ವಾಗತಿಸಿದವರೂ ಇದ್ದರು, ಕಟುವಾಗಿ ವಿರೋಧಿಸಿದವರೂ ಇದ್ದರು. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡಕ್ಕೆ ಸಿಗಬೇಕಾದ ಸ್ಥಾನಕ್ಕಾಗಿ ಕನ್ನಡ ಕ್ಯಾಥೊಲಿಕರು ದಶಕಗಳ ಕಾಲ ಹೋರಾಡಿದರು.

ಈ ವಾದಗಳನ್ನು ಕೊಂಗಾರರ ಷರತ್ತುಗಳ ಬೆಳಕಿನಲ್ಲಿ ನೋಡಿದರೆ ಎರಡು ಪ್ರಶ್ನೆ ಕೇಳಬಹುದು. ಹೊಸ ರೂಪ ಜನರ ಭಕ್ತಿಯೊಳಗಿನಿಂದ ಬಂತೇ, ತಜ್ಞರ ಸಮಿತಿಯಿಂದ ಇಳಿದು ಬಂತೇ? ಕೇಳಿದವರಿಗೆ ಉತ್ತರ ಸಿಕ್ಕಿತೇ, ಕಾಯಿರಿ ಎಂಬ ಮಾತಷ್ಟೇ ಸಿಕ್ಕಿತೇ? ಮೊದಲನೆಯ ಪ್ರಶ್ನೆ ಸುಧಾರಕರಿಗೆ, ಎರಡನೆಯದು ಅಧಿಕಾರಿಗಳಿಗೆ.

9. ತಾಳ್ಮೆಗೆ ಮಿತಿ ಎಲ್ಲಿ?

ಕೊಂಗಾರರ ಮೇಲೆ ಆಕ್ಷೇಪಗಳಿಲ್ಲದಿಲ್ಲ. ಅವರ ಸುಧಾರಣೆಯ ಶಾಸ್ತ್ರ ಅಧಿಕಾರಕ್ಕೆ ತೀರ ಸೌಮ್ಯವಾಗಿದೆ ಎಂದು ಹೇಳಬಹುದು. ಯೊವಾನ್ನರು ಆರಿಸಿ ಬಾರದಿದ್ದರೆ ಅವರ ತಾಳ್ಮೆಗೆ ಯಾವ ಫಲ ಸಿಗುತ್ತಿತ್ತು ಎಂದು ಕೇಳಬಹುದು. ಗೆದ್ದವನ ತಾಳ್ಮೆಯನ್ನು ಹೊಗಳುವುದು ಸುಲಭ, ಕಾಯುತ್ತಲೇ ಸತ್ತವರ ಲೆಕ್ಕ ಯಾರೂ ಇಡುವುದಿಲ್ಲ. ಈ ಆಕ್ಷೇಪದಲ್ಲಿ ಹುರುಳಿದೆ, ನಾನು ಅದನ್ನು ತಳ್ಳಿಹಾಕುವುದಿಲ್ಲ. ಹದಿನಾರನೇ ಶತಮಾನದಲ್ಲಿ ಪ್ರಾಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿ ಧರ್ಮಸಭೆಯಿಂದ ಹೊರಹೋದ ಲೂಥರನ ವಿಷಯದಲ್ಲಿ 1950ರ ಪುಸ್ತಕ ತಳೆದ ನಿಲುವನ್ನು ಕೊಂಗಾರ್ ಕಾಲಕ್ರಮೇಣ ಬದಲಿಸಿಕೊಂಡರು. 1983ರಲ್ಲಿ ಲೂಥರನ ವಿಶ್ವಾಸ ಮತ್ತು ಸುಧಾರಣೆಯ ಮೇಲೆ ಒಂದು ಪುಸ್ತಕವನ್ನೇ ತಂದರು. ಒಡಕಿನ ಹೊಣೆಯನ್ನು ಹೊರಹೋದವನ ತಲೆಗೆ ಮಾತ್ರ ಕಟ್ಟಲಾಗದು ಎಂಬ ಅರಿವು ಅವರಲ್ಲಿ ಬೆಳೆಯುತ್ತ ಹೋಯಿತು.

ಇನ್ನೊಂದು ಕಡೆ, ಮಹಾಸಭೆಯನ್ನೇ ಒಪ್ಪದೆ ಪರಂಪರೆಯ ಹೆಸರಿನಲ್ಲಿ ದೂರ ಸರಿದ ಧರ್ಮಾಧ್ಯಕ್ಷ ಮಾರ್ಸೆಲ್ ಲೆಫೆಬ್ರ್ ಅವರ ವಿಷಯದಲ್ಲೂ ಕೊಂಗಾರ್ 1976ರಲ್ಲಿ ಒಂದು ಪುಸ್ತಕ ಬರೆದರು. ಯಾವುದೋ ಒಂದು ಕಾಲದ ರೂಢಿಯನ್ನು ಹಿಡಿದು ಅದೇ ಪರಂಪರೆ ಎನ್ನುವುದನ್ನು ಅವರು ಒಪ್ಪಲಿಲ್ಲ. ಅವಸರದವರನ್ನೂ ಹಟದವರನ್ನೂ ಒಂದೇ ಅಳತೆಗೋಲಿನಿಂದ ಅಳೆದ ನ್ಯಾಯ ಅವರದು.

1930ರ ದಶಕದಿಂದಲೇ ಕಾಡುತ್ತಿದ್ದ ನರಗಳ ಕಾಯಿಲೆ ಅವರನ್ನು ಕೊನೆಗೆ ಗಾಲಿಕುರ್ಚಿಗೆ ತಂದಿತು. 1984ರಿಂದ ಅವರಿದ್ದದ್ದು ಪ್ಯಾರಿಸ್ಸಿನ ಲೆಜ್ಯಾಂವಾಲಿದ್ ಸೈನಿಕ ಆಸ್ಪತ್ರೆಯಲ್ಲಿ, ಯುದ್ಧ ಕಂಡ ಸೈನಿಕನ ಹಕ್ಕಿನಿಂದ. 1994ರ ನವೆಂಬರಿನಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ಕೊಂಗಾರರನ್ನು ಕಾರ್ಡಿನಲ್ ಪದವಿಗೇರಿಸಿದರು. ರೋಮಿಗೆ ಹೋಗುವ ಶಕ್ತಿ ಇರಲಿಲ್ಲ, ಪದವಿಯ ಗುರುತುಗಳು ಆಸ್ಪತ್ರೆಗೇ ಬಂದವು. 1995ರ ಜೂನ್ 22ರಂದು ತೀರಿಕೊಂಡರು. ಆಗ ಅವರ ಬರಹಗಳ ಸಂಖ್ಯೆ ಪುಸ್ತಕ, ಲೇಖನ ಎಲ್ಲ ಸೇರಿ ಸಾವಿರದ ಏಳುನೂರನ್ನು ದಾಟಿತ್ತು.

ಕಾರ್ಡಿನಲ್ ಪದವಿಯ ಕೆಂಪು ಟೋಪಿಯನ್ನು ಈ ಕಥೆಯ ಸುಖಾಂತ್ಯ ಎಂದು ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ತೊಂಬತ್ತು ವರ್ಷದ, ಕೈಕಾಲು ಆಡದ ಮನುಷ್ಯನಿಗೆ ಸಂದ ಮರ್ಯಾದೆ ಐವತ್ತರ ಪ್ರಾಯದಲ್ಲಿ ಕಸಿದುಕೊಂಡ ವರ್ಷಗಳನ್ನು ಹಿಂದಿರುಗಿಸುವುದಿಲ್ಲ. ಕೊಂಗಾರ್ ತಾಳಿಕೊಂಡದ್ದು ಅವರ ಹಿರಿಮೆ. ಅವರನ್ನು ಅಷ್ಟು ಕಾಯಿಸಿದ್ದು ಸಂಸ್ಥೆಯ ತಪ್ಪು. ಮೊದಲನೆಯದನ್ನು ಹೊಗಳುತ್ತ ಎರಡನೆಯದನ್ನು ಮುಚ್ಚಿಹಾಕಬಾರದು.

ವಿದ್ಯಾರ್ಥಿ ಮಿತ್ರರಿಗೆ ಕೊನೆಯದಾಗಿ ಒಂದು ಮಾತು. ನೀವು ನಾಳೆ ಮಠದಲ್ಲೋ ಚರ್ಚಿನಲ್ಲೋ ವಿಶ್ವವಿದ್ಯಾನಿಲಯದಲ್ಲೋ ಸರ್ಕಾರಿ ಕಚೇರಿಯಲ್ಲೋ ಇರುತ್ತೀರಿ. ಅಲ್ಲಿ ಏನನ್ನಾದರೂ ಬದಲಿಸಬೇಕೆಂದು ಅನಿಸಿದರೆ, ಅದನ್ನು ರಕ್ಷಿಸಲು ನಿಂತವರಿಗಿಂತ ಹೆಚ್ಚಾಗಿ ಅದರ ಇತಿಹಾಸವನ್ನು ಓದಿಕೊಳ್ಳಿ. ಕಾಯಬೇಕಾಗಿ ಬಂದರೆ ಕೆಲಸ ಮಾಡುತ್ತ ಕಾಯಿರಿ. ಮುಂದೊಂದು ದಿನ ಅಧಿಕಾರದ ಕುರ್ಚಿ ನಿಮಗೇ ಸಿಕ್ಕಿದಾಗ, ನಿಮ್ಮ ಕೆಳಗಿರುವವರ ತಾಳ್ಮೆಯನ್ನು ಒಪ್ಪಿಗೆ ಎಂದು ಭಾವಿಸಬೇಡಿ. ಅವರ ಪ್ರಶ್ನೆಗೆ ಅವರು ಬದುಕಿರುವಾಗಲೇ ಉತ್ತರ ಕೊಡಿ.